ತಾರೀಖು ಬಿಟ್ಟ ಫಾರ್ಮು

ಕುರ್ಲಾದ ನಮ್ಮ ಯಾರ್ಡಿನಲ್ಲಿ ಗಾಡಿಗಳು ಬಿಸಿಲಲ್ಲಿ ನಿಂತು ಬಣ್ಣ ಕಳೆದುಕೊಳ್ಳುತ್ತಿದ್ದವು. ಅವುಗಳ ಮಾಲೀಕರ ಸಹಿಗಳು ಮಾತ್ರ ನನ್ನ ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ತಣ್ಣಗೆ ಇರುತ್ತಿದ್ದವು. ಹಳೆಯ ಮೋಟಾರು ಕೊಂಡು ಮಾರುವ ದಲಾಲಿ ನಮ್ಮದು. ನಮ್ಮದು ಎಂದರೆ ಶೇಠ್‌ಜಿಯದು. ನಾನು ಅಲ್ಲಿ ಕಾಗದಪತ್ರದ ಗುಮಾಸ್ತ. ಧಾರವಾಡ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು, ಹಾಗಾಗಿ ನಾನು ಪರದೇಶಕ್ಕೆ ಬಂದವನೇನೂ ಅಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಕಾಯಿದೆ ಸರಳವಾಗಿತ್ತು. ಗಾಡಿ ಮಾರಿದವನು ಹದಿನಾಲ್ಕು ದಿನದೊಳಗೆ ಒಂದು ಫಾರ್ಮು ತುಂಬಿ, ಇಂಥ ತಾರೀಖು ಇಂಥವನಿಗೆ ಮಾರಿದೆ ಎಂದು ಮೋಟಾರು ಕಚೇರಿಗೆ ತಿಳಿಸಬೇಕು. ಕೊಂಡವನು ಆಮೇಲೆ ತನ್ನ ಫಾರ್ಮು, ಆರ್.ಸಿ. ಪುಸ್ತಕ ಹಿಡಿದು ಹೋಗಿ ಹೆಸರು ಬದಲಾಯಿಸಿಕೊಳ್ಳಬೇಕು. ನಮ್ಮ ಯಾರ್ಡಿನ ಪದ್ಧತಿ ಬೇರೆ. ಮಾರುವವನಿಂದ ಸಹಿಯೊಂದನ್ನೇ ಪಡೆಯುತ್ತಿದ್ದೆವು. ಕೊಂಡವನ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗವೂ ಖಾಲಿ. ಇದಕ್ಕೆ ಕೋರಾ ಫಾರ್ಮು ಎನ್ನುತ್ತಿದ್ದೆವು. ಗಾಡಿ ಮೂರು ಕೈ ದಾಟಿದರೂ ಸರಕಾರದ ಪುಸ್ತಕದಲ್ಲಿ ಒಂದೇ ಸಲ ದಾಟುತ್ತಿತ್ತು. ಕೊನೆಗೆ ಕೊಂಡವನ ಹೆಸರು ಬರೆದು, ಬರೆಯುವ ಹಿಂದಿನ ದಿನದ ತಾರೀಖು ಹಾಕಿದರೆ ಮುಗಿಯಿತು. ತಡವಾಯಿತು ಎಂಬ ಪ್ರಶ್ನೆಯೂ ಇಲ್ಲ, ದಂಡವೂ ಇಲ್ಲ.

ಈ ಕೆಲಸದಲ್ಲಿ ನನಗೆ ಸೊಕ್ಕು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಸಹಿ ಒಂದು ಶಾಯಿ, ತಾರೀಖು ಇನ್ನೊಂದು ಶಾಯಿ ಆದರೆ ಕಚೇರಿಯವರು ಮೂಗೆಳೆಯುತ್ತಾರೆ. ಆದ್ದರಿಂದ ಸಹಿ ಪಡೆದ ಕೂಡಲೇ ಫಾರ್ಮಿನ ಮೂಲೆಯಲ್ಲಿ ಪೆನ್ಸಿಲಿನಿಂದ ಶಾಯಿಯ ಬಣ್ಣ ಬರೆದಿಡುತ್ತಿದ್ದೆ. ನೀಲಿ–ಕಪ್ಪು ಶಾಯಿ ಬರೆದಾಗ ನೀಲಿ. ದಿನ ಹೋದಂತೆ ಕಪ್ಪಾಗುತ್ತದೆ. ಹೊಸದಾಗಿ ಬರೆದದ್ದನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಬೇಕಾದರೆ ಫಾರ್ಮನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು, ಕಲ್ಲು ಹೇರಿ, ಎರಡು ದಿನ ಕಾಯುತ್ತಿದ್ದೆ. ನನ್ನ ಫಾರ್ಮು ಒಂದೂ ವಾಪಸು ಬಂದಿರಲಿಲ್ಲ. ಕಚೇರಿಯ ಸಾಲಿನಲ್ಲಿ ತಪ್ಪು ತುಂಬಿ ಬೆವರುತ್ತಿದ್ದ ಜನರನ್ನು ನೋಡಿ ನಗುವುದು ನನ್ನ ಚಾಳಿಯಾಗಿತ್ತು.

ಆ ವರ್ಷ ಮಳೆ ನಿಂತ ಮೇಲೆ ಪರೇಲಿನ ಒಬ್ಬ ಹೋಟೆಲ್ ಮಾಲಕರು ತಮ್ಮ ವ್ಯಾನು ಮಾರಲು ಬಂದರು. ಉಡುಪಿ ಕಡೆಯವರು. ನಾನು ಮುಂಬಯಿಗೆ ಬಂದ ಹೊಸತರಲ್ಲಿ ನೌಕರಿ ಸಿಗದೆ ಅಲೆಯುತ್ತಿದ್ದಾಗ, ಅವರ ಹೋಟೆಲಿನ ಹಿಂದಿನ ಬಾಗಿಲಲ್ಲಿ ಏಳು ತಿಂಗಳು ಊಟ ಮಾಡಿದ್ದೆ. ಬಿಲ್ಲು ಕೇಳಿದವರಲ್ಲ. ಅದನ್ನು ನೆನಪಿಸಿದವರೂ ಅಲ್ಲ; ಅದೇ ನನಗೆ ಭಾರವಾಗಿತ್ತು. ಕಾಂದಿವಲಿಯಲ್ಲಿ ಇನ್ನೊಂದು ಹೋಟೆಲು ತೆರೆಯುವವರಿದ್ದರು. ಹಾಲು, ತರಕಾರಿ ತರಲು ದೊಡ್ಡ ಗಾಡಿ ಬೇಕಾಗಿತ್ತು.

"ಕಚೇರಿಗೆ ನಾನೂ ಬರಬೇಕಾ ಮಾರಾಯ್ರೆ? ಹೋಟೆಲ್ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ," ಎಂದರು.

"ನೀವು ಬರೂದ ಬ್ಯಾಡ್ರಿ ಮಾಲಕರ. ಇಲ್ಲೊಂದು ಸಹಿ ಮಾಡ್ರಿ ಸಾಕು, ಮುಂದಿಂದು ನಾ ನೋಡ್ಕೋತೀನಿ."

"ತಾರೀಖು ಬರೀಲಿಲ್ಲ ನೀವು?"

"ಅದನ್ನ ಆಮ್ಯಾಲೆ ಹಾಕತೀನ್ರಿ."

"ಹಾಕಿ, ಹಾಕಿ. ನೀವಿದ್ದ ಮೇಲೆ ನನಗೆಂತ ಚಿಂತೆ?"

ಅವರದೇ ಪೆನ್ನಿನಿಂದ ಸಹಿ ಹಾಕಿದರು. ಮೂಲೆಯಲ್ಲಿ 'ನೀಲಿ–ಕಪ್ಪು' ಎಂದು ಬರೆದುಕೊಂಡೆ. ವಿಮೆಯ ಕಾಗದವನ್ನೂ ಆರ್.ಸಿ. ಪುಸ್ತಕದೊಳಗೆ ಮಡಚಿಟ್ಟು ಕೊಟ್ಟರು.

ವ್ಯಾನನ್ನು ಅಂದೇ ಬಿಜಾಪುರದ ಕಡೆಯ ಒಬ್ಬ ಡ್ರೈವರ್ ಕೊಂಡ. ಕುರ್ಲಾದ ಚಾಳಿನಲ್ಲಿ ಒಂಟಿಯಾಗಿದ್ದವನು. ನಾನು ಗಾಡಿಯ ಕೆಳಗೆ ಮಲಗಿ, ಚಾಸಿಯ ಮೇಲಿನ ನಂಬರಿಗೆ ತೆಳ್ಳಗಿನ ಕಾಗದ ಹಚ್ಚಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಪುಸ್ತಕದ ನಂಬರಿಗೆ ತಾಳೆ ನೋಡಿದೆ. ಡೆಲಿವರಿ ಚೀಟಿ ಬರೆದೆ: ಗಾಡಿಯ ನಂಬರು, ಕೊಂಡವನ ಹೆಸರು, ಆ ದಿನದ ತಾರೀಖು, ಅವನ ಸಹಿ. ಮೇಲಿನದು ಅವನಿಗೆ, ಕೆಳಗಿನ ಕಾರ್ಬನ್ ಪ್ರತಿ ನಮಗೆ. ಆಗ ಅವನು ತಲೆ ಕೆರೆದುಕೊಂಡು, "ಸಾಹೇಬ್ರ, ಹೆಸರ ಈಗ ಹಚ್ಚಬ್ಯಾಡ್ರಿ. ಎರಡ ತಿಂಗಳು ಹೊಡದು ಲಾಭ ಬಂದ್ರ ಮಾರತೀನಿ," ಎಂದ. ಆಯಿತು ಎಂದೆ. ವಿಮಾ ಕಂಪನಿಗೆ ತಿಳಿಸಲಿಲ್ಲ, ಕಚೇರಿಗೂ ತಿಳಿಸಲಿಲ್ಲ. ಫಾರ್ಮು ಪೆಟ್ಟಿಗೆಗೆ ಹೋಯಿತು.

ಇಪ್ಪತ್ತಮೂರನೆಯ ದಿನ, ಮಧ್ಯಾಹ್ನ ಮೂರರ ಪಾಳಿ ಬದಲಾಗುವ ಹೊತ್ತಿಗೆ, ಪರೇಲಿನ ಒಂದು ಮಿಲ್ಲಿನ ಗೇಟಿನೆದುರು ಆ ವ್ಯಾನು ಟ್ರಾಮಿನ ಪಕ್ಕದಿಂದ ನುಗ್ಗಿ ಒಬ್ಬ ಮಗ್ಗದ ಕೆಲಸಗಾರನನ್ನು ಗೋಡೆಗೆ ಒತ್ತಿತು. ಜನ ಸೇರುವ ಮೊದಲೇ ಡ್ರೈವರ್ ಓಡಿದ. ಕೆಲಸಗಾರನ ಬಲಗಾಲನ್ನು ಆಸ್ಪತ್ರೆಯಲ್ಲಿ ತೊಡೆಯವರೆಗೆ ಕತ್ತರಿಸಿದರು.

ಪೊಲೀಸರು ನಂಬರು ಹಿಡಿದು ಕಚೇರಿಯ ಪುಸ್ತಕ ನೋಡಿದರು. ಪುಸ್ತಕದಲ್ಲಿ ಹೋಟೆಲ್ ಮಾಲಕರ ಹೆಸರಿತ್ತು. ಮರುದಿನ ಬೆಳಿಗ್ಗೆ, ಗಿರಾಕಿಗಳು ತಿಂಡಿಗೆ ಕೂತಿರುವಾಗ, ಅವರನ್ನು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎಬ್ಬಿಸಿ ಠಾಣೆಗೆ ಕರೆದೊಯ್ದರು. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಹೇಳಿಕೆ ಬರೆಸಿಕೊಂಡು ಬಿಟ್ಟರು. ಅದರ ಮಾರನೆಯ ದಿನ ಅವರು ನಮ್ಮ ಯಾರ್ಡಿಗೆ ಬಂದರು. ಕೂರಲಿಲ್ಲ.

"ನಾನು ಮಾರಿದ ಗಾಡಿ ಅಲ್ವಾ ಅದು? ಮಾರಿದ್ದೇನೆ ಅಲ್ವಾ? ಹಾಗಾದ್ರೆ ನನ್ನ ಹೆಸರು ಅಲ್ಲಿ ಯಾಕೆ ಉಂಟು?"

"ಫಾರ್ಮ್ ಇಲ್ಲೇ ಐತ್ರಿ ಮಾಲಕರ."

"ಇಲ್ಲೇ ಉಂಟು ಅಂದ್ರೆ? ಕೊಡ್ಲಿಲ್ವಾ ನೀವು?" ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ವರ ತಗ್ಗಿಸಿ, "ಕಾಂದಿವಲಿಯ ಲೈಸೆನ್ಸ್ ಇನ್ನೂ ಬರ್ಲಿಕ್ಕುಂಟು. ಕೋರ್ಟಲ್ಲಿ ನನ್ನ ಹೆಸರು ಕೂಗಿದ್ರೆ ಅದು ಅಲ್ಲಿಗೇ ನಿಂತೀತು. ನೀವು ಸತ್ಯ ಬರೀರಿ, ಅಷ್ಟೇ ನಾನು ಕೇಳುದು," ಎಂದರು. ಊಟದ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಸಿಟ್ಟಾಗಿ ಬಚಾವಾಗುತ್ತಿದ್ದೆನೋ ಏನೋ.

ನಾನು ಡ್ರೈವರನ ಚಾಳಿಗೆ ಹೋದೆ. ಖೋಲಿಗೆ ಬೀಗ. ಪಕ್ಕದವರು ಗಾಡಿ ಎಲ್ಲಿ ಎಂದು ನನ್ನನ್ನೇ ಕೇಳಿದರು. ಊರಿನ ವಿಳಾಸ ಯಾರಿಗೂ ತಿಳಿದಿರಲಿಲ್ಲ. ಚೀಟಿಯಲ್ಲಿ ನಾನು ಬರೆದುಕೊಂಡದ್ದು ಬರೀ 'ಬಿಜಾಪುರ ಜಿಲ್ಲೆ' ಎಂದು.

ಇನ್ನು ಉಳಿದದ್ದು ಆ ಖಾಲಿ ಜಾಗ. ಮಾರಾಟದ ತಾರೀಖಾಗಿ ಅಪಘಾತಕ್ಕಿಂತ ಹಿಂದಿನದನ್ನು, ಅಂದರೆ ನಿಜವಾದದ್ದನ್ನು ಬರೆದರೆ ಹೋಟೆಲ್ ಮಾಲಕರು ಪಾರು. ಆದರೆ ಗಾಡಿ ಮಾರಿದ ಕ್ಷಣದಲ್ಲೇ ಅವರ ವಿಮೆಯೂ ಸತ್ತಂತೆ. ಹೊಸಬನ ಹೆಸರಿಗೆ ಅದನ್ನು ಯಾರೂ ಮಾಡಿಸಿರಲಿಲ್ಲ. ಕಾಲು ಹೋದವನು ಆಗ ಓಡಿಹೋದ ಡ್ರೈವರನನ್ನು ಹುಡುಕಿಕೊಂಡು ಹೋಗಬೇಕು. ಅಪಘಾತದ ಆಚೆಗಿನ ತಾರೀಖು ಬರೆದರೆ ಆ ದಿನ ಗಾಡಿ ಇನ್ನೂ ಮಾಲಕರದೇ, ವಿಮೆ ಜೀವಂತ, ಕಂಪನಿ ಪರಿಹಾರ ಕೊಡಬೇಕು. ಮಾಲಕರು ನಾಲ್ಕಾರು ಸಲ ಕೋರ್ಟಿನ ಮೆಟ್ಟಿಲು ಹತ್ತಬೇಕು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಇಡೀ ಯಾರ್ಡಿನಲ್ಲಿ ಇದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಶೇಠ್‌ಜಿ ಪಾನ್ ಅಗಿಯುತ್ತ ಕೇಳಿದರು. "ಮುನ್ಶಿಜೀ, ಇಸ್ಮೇ ಸೋಚ್ನಾ ಕ್ಯಾ ಹೈ?" ಇದರಲ್ಲಿ ಯೋಚಿಸುವುದೇನಿದೆ, ಯಾವಾಗಲೂ ಹಾಕುವ ಹಾಗೆ ನಿನ್ನೆಯ ತಾರೀಖು ಹಾಕು, ಕಾರ್ಬನ್ ಚೀಟಿ ಹರಿದು ಬಿಸಾಡು ಎಂದರು. ಹೋಟೆಲಿನವನ ಪರವಾಗಿ ಹೋರಾಡಲು ಕಂಪನಿಯ ವಕೀಲರಿದ್ದಾರೆ. ಆ ಕಾಲಿಲ್ಲದ ಲಂಗಡಾನ ಪರವಾಗಿ ಯಾರಿದ್ದಾರೆ? ಜೀವನವಿಡೀ ಕೆಟ್ಟ ಎಂಜಿನ್ನಿಗೆ ಒಳ್ಳೆಯ ಬಣ್ಣ ಬಳಿದು ಮಾರಿದ ಮನುಷ್ಯ, ನಾನು ಮನಸ್ಸಿನಲ್ಲೇ ಕಳ್ಳ ಎಂದು ಬೈಯುತ್ತಿದ್ದವರು, ಇದನ್ನು ಹೇಳಿದರು.

ಆ ಮಧ್ಯಾಹ್ನವೇ ಅವಳು ಬಂದಳು. ಕಾಲು ಕಳೆದುಕೊಂಡವನ ಹೆಂಡತಿ. ಪರೇಲಿನಿಂದ ಲೋಕಲಿನಲ್ಲಿ ಬಂದು, ಸ್ಟೇಷನ್ನಿನಿಂದ ಕೇಳುತ್ತ ಕೇಳುತ್ತ ನಡೆದು ಬಂದಿದ್ದಳು. ಕುರ್ಚಿ ತೋರಿಸಿದರೂ ಬಾಗಿಲ ಹೊಸ್ತಿಲ ಮೇಲೆ ಕೂತಳು.

"ಅಣ್ಣಾ, ನೀವು ಧಾರವಾಡದಾವ್ರಂತ. ನಾವೂ ಅದ ಕಡ್ಯಾವ್ರು, ಬೆಳಗಾಂವಿ."

"ಏನ ಬೇಕಾಗಿತ್ತು?"

"ನಮ್ಮ ವಕೀಲರ ಕಾರಕೂನ ಹೇಳ್ಯಾನ್ರಿ. ಅವತ್ತ ಗಾಡಿ ಯಾರ ಹೆಸರಿನ್ಯಾಗ ಇತ್ತು ಅನ್ನೂದು ನಿಮ್ಮ ಕೈಯಾಗ ಐತಂತ. ಹೋಟೆಲದವರ ಹೆಸರಿನ್ಯಾಗ ಇತ್ತಂದ್ರ ಕಂಪನಿ ಕೊಡಾಕ ಬೇಕಂತ."

"ಅವರು ಮಾರಿ ಇಪ್ಪತ್ತಮೂರ ದಿನ ಆಗಿತ್ತು."

"ಹೌದ್ರಿ. ಅದು ನಿಮಗ ಗೊತ್ತೈತಿ, ಈಗ ನನಗ ಗೊತ್ತಾತು. ಕಾಗದಕ್ಕ ಇನ್ನೂ ಗೊತ್ತಿಲ್ಲಲ್ಲರಿ."

ಈ ಮಾತು ನನ್ನನ್ನು ಚುಚ್ಚಿತು. ನನ್ನ ಕಸುಬಿನ ಒಳಗುಟ್ಟನ್ನು ಓದು ಬಾರದ ಹೆಂಗಸು ಹೊಸ್ತಿಲ ಮೇಲೆ ಕೂತು ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ಮೈ ಉರಿಯಿತು. ಅವಳು ಅಳುತ್ತಿದ್ದರೆ ಬೇರೆಯಾಗುತ್ತಿತ್ತು. ಅವಳು ಅಳಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತ ಹೋದಳು. ಮಗ್ಗದ ಮುಂದೆ ನಿಲ್ಲಲು ಎರಡೂ ಕಾಲು ಬೇಕು. ಮಿಲ್ಲಿನ ಕೆಲಸ ಹೋಯಿತು. ಖೋಲಿ ಮಿಲ್ಲಿನದು, ಅದನ್ನೂ ಬಿಡಬೇಕು. ಮಕ್ಕಳು ಮೂರು. ಕಂಪನಿ ಕೊಟ್ಟರೆ ಒಂದು ಹಿಟ್ಟಿನ ಗಿರಣಿ ಹಾಕಿಕೊಂಡು, ಗಂಡನನ್ನು ಅಲ್ಲಿ ಕೂರಿಸುತ್ತೇನೆ ಎಂದಳು. ಗಿರಣಿಗೆ ಜಾಗವನ್ನೂ ನೋಡಿಟ್ಟಿದ್ದಳು.

ಫಾರ್ಮು ತೋರಿಸಲು ಪೆಟ್ಟಿಗೆ ತೆರೆದೆ. ಯಾಕೆ ತೋರಿಸಬೇಕಿತ್ತೋ. ಅವಳು ಕತ್ತು ಚಾಚಿ ನೋಡಿದಳು.

"ಇವಕ್ಕೂ ತಾರೀಖ ಇಲ್ಲೇನ್ರಿ?"

ಮುಚ್ಚಳ ಹಾಕಿದೆ. "ನೋಡ ತಂಗಿ, ನಾ ಸುಳ್ಳ ಬರಿಯೂ ಮನಶ್ಯಾ ಅಲ್ಲ."

ಅವಳು ಮುಚ್ಚಿದ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಆಸ್ಪತ್ರಿಗೆ ಒಂದ ಸಲ ಬಂದು ಅವರನ್ನ ನೋಡಿ ಹೋಗ್ರಿ ಅಣ್ಣಾ. ಆಮ್ಯಾಲೆ ನಿಮಗ ತಿಳಿದದ್ದ ಬರೀರಿ," ಎಂದು ಎದ್ದಳು.

ನಾನು ಹೋಗಲಿಲ್ಲ. ಪರೇಲ್ ಸ್ಟೇಷನ್ನಿನಿಂದ ಆಸ್ಪತ್ರೆ ಕಾಲು ಗಂಟೆಯ ದಾರಿ. ಆ ವಾರದಲ್ಲಿ ಎರಡು ಸಲ ಬೇರೆ ಕೆಲಸಕ್ಕೆ ಪರೇಲಿಗೆ ಹೋಗಿದ್ದೆ. ಹೋಗಿ ನೋಡಿದರೆ ಬರೆಯುವ ಕೈ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ.

ವಾರ ಮುಗಿದ ಮೇಲೆ ಒಂದು ಬೆಳಿಗ್ಗೆ ಕೂತು ಬರೆದೆ. ಮೊದಲು ಡ್ರೈವರನ ಹೆಸರು. ಆಮೇಲೆ ತಾರೀಖು, ಡೆಲಿವರಿ ಚೀಟಿ ನೋಡಿಕೊಂಡು, ನಿಜವಾದ ತಾರೀಖು. ಎಷ್ಟೋ ವರ್ಷಗಳಲ್ಲಿ ಫಾರ್ಮಿನ ಮೇಲೆ ನಾನು ಬರೆದ ಮೊದಲ ನಿಜವಾದ ತಾರೀಖು ಅದು. ಬರೆದು ನೋಡಿದರೆ ಸಹಿ ಕಪ್ಪಾಗಿತ್ತು, ತಾರೀಖು ಹಸಿ ನೀಲಿಯಾಗಿತ್ತು. ಯಾರು ನೋಡಿದರೂ ನಿನ್ನೆ ಮೊನ್ನೆ ಬರೆದ ಸುಳ್ಳು ಎನ್ನುತ್ತಿದ್ದರು. ಕೊನೆಗೆ ಅದನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಕಲ್ಲು ಹೇರಿದೆ. ಎರಡು ದಿನ ಬಿಸಿಲು ಕಾಯಿಸಿದೆ. ಶೇಠ್‌ಜಿ ಅದರ ಪಕ್ಕದಲ್ಲೇ ಹಾದು ಹೋಗುವಾಗ ಬಗ್ಗಿ ಓದಿದರು. ದಂಡ ಬಿದ್ದರೆ ನಿನ್ನ ಪಗಾರದಿಂದ ಎಂದಷ್ಟೇ ಹೇಳಿ ಹೋದರು.

ಮೋಟಾರು ಕಚೇರಿಯಲ್ಲಿ ಸಾಲಿನಲ್ಲಿ ನಿಂತೆ. ನನ್ನ ಪರಿಚಯದ ಕಾರಕೂನ ಫಾರ್ಮು ತಿರುಗಿಸಿ ನೋಡಿದ. ಇಷ್ಟು ದಿನ ಯಾಕೆ ತಡ ಎಂದ. ಗುಮಾಸ್ತನ ಅಜಾಗರೂಕತೆ ಎಂದು ಬರೆದುಕೊಟ್ಟೆ. ಚೀಟಿಯ ಕಾರ್ಬನ್ ಪ್ರತಿ ಲಗತ್ತಿಸಿದೆ. ದಂಡ ಕಟ್ಟಿದೆ. ಅವನು ದೊಡ್ಡ ಪುಸ್ತಕ ತೆರೆದು, ಹೋಟೆಲ್ ಮಾಲಕರ ಹೆಸರಿನ ಎದುರು ಕೆಂಪು ಶಾಯಿಯಲ್ಲಿ ಮಾರಾಟದ ತಾರೀಖು ಬರೆದು, ಮುದ್ರೆ ಒತ್ತಿದ. ಹತ್ತು ನಿಮಿಷದ ಕೆಲಸ. ಹಿಂದಿನವನು ತಳ್ಳುತ್ತಿದ್ದ.

ಪೊಲೀಸರು ಮತ್ತೆ ಹೋಟೆಲಿಗೆ ಹೋಗಲಿಲ್ಲ. ಎರಡು ವಾರದ ನಂತರ ವಿಮಾ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಯಾರ್ಡಿಗೆ ಬಂದ. ಫಾರ್ಮಿನ ನಕಲು ಹಿಡಿದು, ಈ ತಾರೀಖು ನಿಮ್ಮ ಕೈಬರಹವೇ ಎಂದ. ಹೌದೆಂದೆ. ನಿಜವೇ ಎಂದ. ನಿಜ ಎಂದೆ. ಅವನ ಮುಖ ಅರಳಿತು. ನನ್ನ ಕೈ ಕುಲುಕಿದ. ಇಂಥ ಪ್ರಾಮಾಣಿಕರು ಈ ಧಂದೆಯಲ್ಲಿ ಕಡಿಮೆ ಎಂದ. ನನಗೆ ಖುಷಿಯಾಯಿತು. ಆ ಖುಷಿಯನ್ನು ಈಗ ನೆನೆದರೆ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ, ಆದರೆ ಅವತ್ತು ಖುಷಿಯಾದದ್ದು ನಿಜ.

ಅವಳು ಎರಡನೆಯ ಸಲ ಬಂದಾಗ ಕಂಪನಿಯ ಪತ್ರ ಸೆರಗಿನಲ್ಲಿ ಮಡಚಿಕೊಂಡು ಬಂದಿದ್ದಳು. ಓದಿ ಹೇಳ್ರಿ ಎಂದಳು. ಅಪಘಾತದ ದಿನ ವಾಹನ ಮೂಲ ಮಾಲೀಕರದಾಗಿರಲಿಲ್ಲ, ಪಾಲಿಸಿ ಜಾರಿಯಲ್ಲಿರಲಿಲ್ಲ, ಆದ್ದರಿಂದ ಕಂಪನಿಗೆ ಹೊಣೆಯಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಒಂದೊಂದೇ ಸಾಲು ಹೇಳಿದೆ. ಅಷ್ಟನ್ನೂ ವಕೀಲರ ಕಾರಕೂನ ಆಗಲೇ ಹೇಳಿದ್ದನಂತೆ. ನನ್ನ ಬಾಯಿಂದ ಕೇಳಬೇಕಾಗಿತ್ತು ಎಂದಳು.

"ಆ ಡ್ರೈವರನ ಮ್ಯಾಲೆ ದಾವಾ ಹಾಕಬಹುದು," ಎಂದೆ.

"ಅಂವ ಎಲ್ಲಿ ಅದಾನ್ರಿ?"

ಮಿಲ್ಲಿನವರು ಖೋಲಿ ಬಿಡಿಸಿದ್ದರು. ಅವಳು, ಗಂಡ, ಮಕ್ಕಳು ಅದಾಗಲೇ ಕುರ್ಲಾದಲ್ಲೇ, ರೈಲು ಹಳಿಯ ಪಕ್ಕದ ಝೋಪಡಿಗೆ ಬಂದಿದ್ದರು. ನಮ್ಮ ಯಾರ್ಡಿನಿಂದ ದೂರವೇನಲ್ಲ. ಗಂಡ ಝೋಪಡಿಯ ಹೊರಗೆ ಕೂತು ಬೀಡಿ ಕಟ್ಟಲು ಕಲಿಯುತ್ತಿದ್ದನಂತೆ.

ಅವಳು ಬಂದಾಗ ನಾನು ಬೇರೊಂದು ಫಾರ್ಮು ಬರೆಯುತ್ತಿದ್ದೆ. ಆರು ತಿಂಗಳ ಹಿಂದೆ ಮಾರಾಟವಾದ ಟ್ಯಾಕ್ಸಿ. ಹಿಂದಿನ ದಿನದ ತಾರೀಖು ಹಾಕಿದ್ದೆ, ಶಾಯಿ ಇನ್ನೂ ಹಸಿಯಿತ್ತು. ಒತ್ತುಕಾಗದ ಅದರ ಮೇಲೆ ಎಳೆದೆ. ಅವಳ ಕಣ್ಣು ಅಲ್ಲೇ ಇತ್ತು.

"ಅವತ್ತ ನೋಡಿದ್ದೆನಲ್ಲರಿ ಅಣ್ಣಾ, ಪೆಟ್ಟಿಗಿ ತುಂಬ ಇದ್ದೂವು," ಎಂದಳು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಾಗಿದ್ದವಳ ಹಾಗೆ ಕೇಳಿದಳು. "ಅವಕ್ಕೂ ಖರೇ ತಾರೀಖನ ಹಾಕಿದಿರೇನ್ರಿ? ಇಲ್ಲಾ, ನಮ್ಮದೊಂದಕ್ಕನ?"

ಹೊರಗೆ ಯಾರೋ ಎಂಜಿನ್ ಶುರು ಮಾಡಿ ನೋಡುತ್ತಿದ್ದರು. ಆ ಸದ್ದಿನಲ್ಲಿ ನನಗೆ ಕೇಳಲಿಲ್ಲ ಎಂಬಂತೆ ಕೂತೆ. ಅವಳು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲಿನ ಹಾಗೆಯೇ ಮಡಚಿ ಸೆರಗಿಗೆ ಕಟ್ಟಿ ಹೋದಳು. ನಾನು ಒತ್ತುಕಾಗದ ಸರಿಸಿ ನೋಡಿದೆ. ಅಕ್ಷರ ಕದಡಿರಲಿಲ್ಲ.

ಆಮೇಲೆ ಹಳಿಯ ಪಕ್ಕದ ಆ ದಾರಿ ಬಿಟ್ಟು, ಸುತ್ತು ಹಾಕಿ ಸ್ಟೇಷನ್ನಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಒಂದೂವರೆ ವರ್ಷದ ಮೇಲೆ ಹೋಟೆಲ್ ಮಾಲಕರು ಹೇಳಿ ಕಳುಹಿಸಿದರು. ಕಾಂದಿವಲಿಯ ಹೋಟೆಲು ಚೆನ್ನಾಗಿ ನಡೆಯುತ್ತಿತ್ತು. ನನ್ನನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ತಾವೇ ಕಾಫಿ ತಂದಿಟ್ಟರು. ಆ ದೊಡ್ಡ ಗಾಡಿಯನ್ನೂ ಮಾರುವುದಿತ್ತು. ನನ್ನಲ್ಲಿದ್ದ ಫಾರ್ಮು ಇಸಿದುಕೊಂಡು ಸಹಿ ಹಾಕಿ, ಉಳಿದದ್ದನ್ನು ಓದದೆ ನನ್ನ ಕಡೆ ತಳ್ಳಿದರು.

"ತಾರೀಖು ಬರೀರಿ ಮಾಲಕರ," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು. "ಇವತ್ತಿಂದು. ನಿಮ್ಮ ಕೈಯಿಂದನ ಬರೀರಿ."

ಅವರು ನಕ್ಕರು. "ಅದೆಲ್ಲ ನನಗೆಂತ ಗೊತ್ತು? ಹೋದ ಸಲ ನೀವೇ ಅಲ್ವಾ ನನ್ನನ್ನು ಉಳಿಸಿದ್ದು. ಯಾವುದು ಸರಿ ಅಂತ ಕಾಣ್ತದೋ ಅದನ್ನು ಹಾಕಿ. ನೀವಿದ್ದ ಮೇಲೆ ನನಗೆಂತ ಚಿಂತೆ ಮಾರಾಯ್ರೆ?"

ಕಾಲು ಹೋದವನು ಏನಾದ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಾಫಿ ಕುಡಿದೆ. ಫಾರ್ಮಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ನೀಲಿ–ಕಪ್ಪು' ಎಂದು ಬರೆದು, ಮಡಚಿ ಜೇಬಿಗೆ ಹಾಕಿಕೊಂಡು ಯಾರ್ಡಿಗೆ ಬಂದೆ, ಪೆಟ್ಟಿಗೆ ತೆರೆದು ಉಳಿದವುಗಳ ಮೇಲಿಟ್ಟೆ.